ಎರಡನೇ ಕಾರ್ಡಿನಲ್ಲಿ ಅಪ್ಪ

ಮತ್ತೆ ಅದೇ ಹಸಿರು ಗೆರೆ, ಕಂಪ್ಯೂಟರಿನ ಪರದೆ ಮೇಲೆ ಮುಂದೆ ಮುಂದೆ ಸರಿಯುತ್ತದೆ, ಅದರೊಳಗೆ ಅಪ್ಪ ಕೂಗುತ್ತಿದ್ದಾನೆ, ಸ್ಪೀಕರಿನಲ್ಲಿ ಮಾತ್ರ ಒಂದುಸಿರೂ ಇಲ್ಲ — ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದರೆ ಇದೇ, ಅಂದುಕೊಂಡಳು ಭವಾನಿ. ವಿಂಡೋಸಿಗೆ ವೈರಸ್ ಹತ್ತಿತು, ಅಪ್ಪನ ದನಿಯ ಫೈಲೊಂದು ಹೇಗೋ ಉಳಿಯಿತು, ಅವಳೇ ಪೆನ್‌ಡ್ರೈವಿನಿಂದ ಲಿನಕ್ಸ್ ಹಾಕಿದಳು, ಎಲ್ಲ ಬಂತು, ಸದ್ದೊಂದು ಬರಲಿಲ್ಲ. ನ್ಯಾಲ್ಕಲ್ ಊರಿನ ಜೀಪಿನಲ್ಲಿ ಕಂಪ್ಯೂಟರಿನ ಡಬ್ಬಿಯನ್ನು ತೊಡೆ ಮೇಲಿಟ್ಟುಕೊಂಡು ಜಹೀರಾಬಾದಿಗೆ ಒಯ್ದರೆ ಅಂಗಡಿಯವನು ಸೌಂಡ್ ಕಾರ್ಡೇ ಖರಾಬಾಗ್ಯಾದ ತಂಗಿ, ನಯಾ ತಗೋ ಅಂದ, ಖರಾಬಾಗಿದ್ದರೆ ಅದು ತನ್ನ ಹೆಸರು ಹೇಳುತ್ತಿತ್ತೇ, ಎಲ್‌ಎಸ್‌ಪಿಸಿಐ ಅಂತ ಟೈಪ್ ಹೊಡೆದರೆ ಒಳಗಿರುವ ಕಾರ್ಡುಗಳೆಲ್ಲ ಸಾಲಾಗಿ ಹೆಸರು ಹೇಳುತ್ತವೆ, ಆಡಿಯೋ ಅಂತ ಎರಡು ಸಾಲು, ಹಾಗಾದರೆ ಇದ್ದಾನೆ — ಇದೆ, ಕಾರ್ಡು ಇದೆ. ಮೊಬೈಲಿಗೆ ಹಾಕಿಕೊಂಡು ಕೇಳಬಹುದಲ್ಲ, ಕೇಳಬಹುದು, ಆದರೆ ಅಪ್ಪ ಕೂಗಿದ್ದು ಈ ಡಬ್ಬಿಗೆ, ನಿಜ ಹೇಳಬೇಕೆಂದರೆ ಹೆದರಿಕೆ, ಕೇಳಿಬಿಟ್ಟರೆ ಆಮೇಲೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. ಇದಕ್ಕೇನ್ ಮಾತಾಡ್ಲೆವ್ವಾ, ಇದೇನ್ ಮನಶ್ಯಾನಾ, ಅಂತ ಮೈಕಿನ ಮುಂದೆ ನಾಚಿದ್ದ ಅಪ್ಪ ಖಂಡೆಪ್ಪ, ಕುರಿ ಕರದಂಗ ಕರಿ ಅಪ್ಪಾ ಅಂತ ಅವಳು ಅಂದದ್ದೇ ತಡ, ಮನೆಯ ತಗಡು ಹಾರುವಂತೆ ಕೂಗಿದ್ದ — ಅದೇ ಕೂಗಿಗೆ ಆಮೇಲೊಂದು ದಿನ ಕುರಿಗಳೆಲ್ಲ ಹೆದ್ದಾರಿ ದಾಟಿದವು, ಹಿಂದುಳಿದ ಒಂದು ಮರಿಗೆಂದು ತಿರುಗಿ ಹೋದ, ಲಾರಿ — ಬೇಡ. ಮುಖ ಗೋಡೆಯ ಫೋಟೋದಲ್ಲಿದೆ, ದನಿ ದಿನದಿನಕ್ಕೂ ಅಳಿಸಿಹೋಗುತ್ತಿದೆ, ನೆನೆಯಹೋದರೆ ಕಾಕಾನ ದನಿ ಬರುತ್ತದೆ, ಅದಕ್ಕೇ ಈ ಹಟ, ಅದಕ್ಕೇ ಈ ಅಳು.

ಸಂಜೆಯಾಗಿದೆ, ಕಾಕಾ ಮೈಲಾರಿ ಕುರಿಗಳನ್ನು ಹಟ್ಟಿಗೆ ತುಂಬಿ ಹೋಗಿದ್ದಾನೆ, ಅವ್ವ ಮಾಣಿಕಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಳೆ, ಅಪ್ಪ ಹೋದಾಗಿನಿಂದ ಅವ್ವ ಇನ್ನೂ ಅತ್ತಿಲ್ಲ, ಹೋದೋರ ದನಿ ಕೆದರಬಾರ್ದವ್ವಾ, ಬಿಟ್ಟುಬಿಡು, ಅಂದಿದ್ದಳು ಅಷ್ಟೇ. ಎರಡು ಸಾಲು ಯಾಕೆ, ಓ, ಮೊದಲನೇ ಕಾರ್ಡು ಟಿವಿ ತಂತಿಯದು, ಆ ತಂತಿ ಈ ಮನೆಯಲ್ಲೇ ಇಲ್ಲ, ಅಪ್ಪನ ಕೂಗೆಲ್ಲ ಅತ್ತ ಹೋಗಿ ಗಾಳಿಪಾಲಾಗುತ್ತಿತ್ತು — ಎರಡನೆಯದು ಸ್ಪೀಕರಿನದು, ಅದನ್ನು ಮುಂದೆ ಮಾಡು, ದನಿ ಏರಿಳಿಸುವ ಮಿಕ್ಸರ್ ತೆರೆ, ಕೆಳಗೆ ಎಂಎಂ ಅಂತಿದೆ, ಬಾಯಿ ಮುಚ್ಚಿಸಿದ ಗುರುತು, ಎಂ ಒತ್ತು, ಏರಿಸು, ಪೂರಾ ಏರಿಸು — ತ್ರ್ರ್ರ್, ಹೋ ಬಾ, ಹೋ ಬಾ — ಅಪ್ಪಾ, ನನ್ನಪ್ಪಾ, ಗಂಟಲಿನ ಆ ಒಡಕಿನ ಸಮೇತ — ಹಟ್ಟಿಯ ಕುರಿಗಳೆಲ್ಲ ಒಮ್ಮೆಲೇ ಒದರುತ್ತವೆ, ಮುಳ್ಳುಬೇಲಿಗೆ ಮೈ ಒತ್ತಿ ದಾರಿಯತ್ತ ನೋಡುತ್ತವೆ, ಒಳಗಿನಿಂದ ಅವ್ವ ಓಡಿಬರುತ್ತಾಳೆ, ಹಿಟ್ಟಿನ ಕೈಯಲ್ಲೇ ತಂಬಿಗೆ ಹಿಡಿದು, ಸೆರಗು ತಲೆಗೆಳೆದು, ಬಂದ್ರೇನ್ರೀ, ಇವತ್ತ ಭಾಳ ಹೊತ್ತಾತು, ಕಾಲಿಗಿ ನೀರ ತಗೋರಿ, ಹೊಸ್ತಿಲಲ್ಲಿ ತಂಬಿಗೆ ಚಾಚಿ ನಿಂತಿದ್ದಾಳೆ, ಕೂಗು ಮುಗಿದಿದೆ, ಕುರಿಗಳು ಒದರುತ್ತಲೇ ಇವೆ, ತಗೊಳ್ಳುವ ಕೈ ಇಲ್ಲ, ನೀರು ತುಳುಕುತ್ತಿದೆ, ಅವ್ವಾ, ಒಳಗ ಬಾ, ತಂಬಿಗೆ, ಚಾಚಿದ ಕೈ, ತಂಬಿಗೆ, ಚಾಚಿದ ಕೈ