ನಾಲ್ಕು ಗಂಟೆಯ ಬಿಸಿಲು

ಬೇಸಿಗೆ ಮುಗಿಯುತ್ತ ಬಂದಿತ್ತು, ಮಳೆ ಇನ್ನೂ ಹಿಡಿದಿರಲಿಲ್ಲ. ಹೊತ್ತು ಸಂಜೆ ನಾಲ್ಕು. ಆ ವಠಾರದ ಕೊನೆಯ ಮನೆಗೆ ಬಿಸಿಲು ಬರುವುದು ಅದೊಂದು ಹೊತ್ತಿನಲ್ಲಿ ಮಾತ್ರ. ಎದುರಿಗೆ ಎರಡು ಎತ್ತರದ ಕಟ್ಟಡಗಳು, ಅವುಗಳ ನಡುವೆ ಒಂದು ಸಂದು. ಸೂರ್ಯ ಆ ಸಂದಿಗೆ ಬಂದಾಗ ಕಿಟಕಿಯಿಂದ ಚಾಪೆಯಗಲ ಬೆಳಕು ಒಳಗೆ ಬಿದ್ದು, ಹಿಂದಿನ ಗೋಡೆಯ ತನಕ ಹೋಗಿ, ಮನೆಯೆಲ್ಲ ಬೆಚ್ಚಗೆ ಕಾಣುತ್ತಿತ್ತು. ಸ್ವಲ್ಪ ಹೊತ್ತು ಅಷ್ಟೆ. ಆಮೇಲೆ ಮತ್ತೆ ದೀಪ ಹಾಕಬೇಕು.

“ಮನೆ ನೋಡೋಕೆ ಯಾರಾದ್ರೂ ಸಿಕ್ಕಿದ್ರೆ ನಾಲ್ಕಕ್ಕೆ ಕರ್ಕೊಂಡು ಬಾ ತಾಯಿ. ಬೆಳಿಗ್ಗೆ ಬೇಡ,” ಎಂದು ಮನೆಯ ಯಜಮಾನರು ಹೇಳಿದ್ದರು.

ಹೇಳಿಸಿಕೊಂಡವಳು ಗುಂಡಿಯಕ್ಕ. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹಾಕುವುದು ಅವಳ ಕೆಲಸ. ಹಾಕಿ ಹಾಕಿ ಅವಳ ನಿಜವಾದ ಹೆಸರು ವಠಾರದವರಿಗೆಲ್ಲ ಮರೆತುಹೋಗಿತ್ತು. ಈಗ ಕಾರ್ಖಾನೆ ಊರಿನ ಆ ತುದಿಗೆ ಎದ್ದುಹೋಗಿತ್ತು. ಕೆಲಸ ಉಳಿಯಬೇಕಾದರೆ ಇವಳೂ ಅದರ ಹಿಂದೆ ಹೋಗಬೇಕು. ಅಲ್ಲೊಂದು ಕೋಣೆ ಸಿಕ್ಕಿತ್ತು. ಅಡ್ವಾನ್ಸ್ ಭಾನುವಾರದೊಳಗೆ ಕೈಸೇರದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದು ಅಲ್ಲಿಯವನು ಕಡ್ಡಿ ಮುರಿದ ಹಾಗೆ ಹೇಳಿದ್ದ. ಇಲ್ಲಿ ಕೊಟ್ಟ ಅಡ್ವಾನ್ಸ್ ಬಂದರೆ ತಾನೆ ಅಲ್ಲಿ ಕೊಡುವುದು?

“ನಿನ್ನ ಕಾಸು ಎಲ್ಲಿಗೂ ಹೋಗಲ್ಲಮ್ಮ,” ಎಂದರು ಯಜಮಾನರು. “ಹೊಸಬರು ಬರಲಿ. ಅವರು ನನಗೆ ಕೊಡ್ತಾರೆ, ನಾನು ನಿನಗೆ ಕೊಡ್ತೀನಿ.”

“ನಾನು ಕೊಟ್ಟಿದ್ದು ನಿಮ್ಮ ಕೈಗಲ್ವಾ ಯಜಮಾನ್ರೇ? ಹೊಸಬರ ಕೈಗಾ ಕೊಟ್ಟಿದ್ದು?”

“ಕೈಗೆ ಕೊಟ್ಟಿದ್ದು ಕೈಯಲ್ಲೇ ಇರುತ್ತಾ ತಾಯಿ? ನೋಡೋಣ.”

ಅವರು ಯಾರಿಗೂ ಏರಿದ ದನಿಯಲ್ಲಿ ಮಾತಾಡಿದವರಲ್ಲ. ಎಲ್ಲದಕ್ಕೂ ನೋಡೋಣ. ನಲ್ಲಿ ಸೋರುತ್ತೆ ಅಂದರೆ ನೋಡೋಣ, ಬಾಗಿಲು ಕಿತ್ತುಬಂತು ಅಂದರೆ ನೋಡೋಣ. ಬಾಡಿಗೆಗೆ ಮಾತ್ರ ಆ ಮಾತಿಲ್ಲ.

ಆ ಮನೆಯ ರೋಗ ಬೇಸಿಗೆಯಲ್ಲಿ ಕಾಣುವಂಥದ್ದಲ್ಲ. ಮಳೆ ಹಿಡಿದರೆ ಬಚ್ಚಲಿನ ತೂಬಿನಿಂದ ನೀರು ಹೊರಗೆ ಹೋಗುವ ಬದಲು ಒಳಗೆ ಬರುತ್ತಿತ್ತು. ಬರೀ ನೀರಲ್ಲ, ಬೀದಿಯ ಚರಂಡಿಯದೆಲ್ಲ. ಹಿಂದಿನ ಗೋಡೆ ಆಳೆತ್ತರ ನೆನೆದು ಕರ್ರಗೆ ಬೂಸ್ಟು ಹಿಡಿಯುತ್ತಿತ್ತು. ಗುಂಡಿಯಕ್ಕನ ಗಂಡ ಮೂಟೆ ಹೊತ್ತು ಬೆನ್ನು ಕೆಡಿಸಿಕೊಂಡು ಮಂಚ ಹಿಡಿದವನು. ಆ ಮಂಚದ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಏಳು ಮಳೆಗಾಲ ಕಳೆದಿದ್ದರು. ಬೆನ್ನಿನ ಜೊತೆಗೆ ಅವನಿಗೆ ಎದೆಯೂ ಹೋಗಿತ್ತು. ಉಳಿದಿದ್ದು ಬಾಯಿ.

ಮೊದಲನೆಯ ಮಳೆಗೇ ಗುಂಡಿಯಕ್ಕ ಮಂಚದ ಮೇಲೆ ಕಾಲು ಮಡಚಿ ಕುಳಿತು, ತಮಗಿಂತ ಮುಂಚೆ ಅಲ್ಲಿದ್ದ ಹೆಂಗಸಿಗೆ ಬಾಯಿಗೆ ಬಂದಂತೆ ಶಾಪ ಹಾಕಿದ್ದಳು. ಅವಳೂ ನಾಲ್ಕು ಗಂಟೆಗೇ ಮನೆ ತೋರಿಸಿದ್ದಳು. ಕುಡಿಯಲು ನೀರು ಕೊಟ್ಟು, “ಇಂಥ ಮನೆ ಸಿಗೋದು ನಿಮ್ಮ ಪುಣ್ಯ” ಅಂದಿದ್ದಳು. ಅವಳ ನಾಲಿಗೆ ಸೇದಿಹೋಗ!

ಈಗ ಗುಂಡಿಯಕ್ಕ ಗೋಡೆಗೆ ಸುಣ್ಣ ಬಳಿದಳು. ಬಚ್ಚಲು ಉಜ್ಜಿದಳು. ಮಂಚದ ಕೆಳಗಿನ ಇಟ್ಟಿಗೆಗಳನ್ನು ಒಂದೊಂದೇ ಎತ್ತಿ ಹಿತ್ತಲಿಗೆ ಹಾಕತೊಡಗಿದಳು.

“ಆ ಇಟ್ಟಿಗೆ ಇಲ್ಲೇ ಬಿಟ್ಟುಹೋಗೇ,” ಎಂದ ಗಂಡ. “ಬರೋರಿಗೆ ಬೇಕಾಗುತ್ತೆ.”

“ನೀವು ಸುಮ್ನಿರಿ.”

“ಸುಮ್ನೇ ಇದ್ದೀನಲ್ಲ. ನೀನು ಹಿಂದಿನವಳಿಗೆ ಬೈದಿದ್ದೆಲ್ಲ ನೆನಪಿದೆಯಾ, ಒಂದ್ಸಲ ಹೇಳ್ಕೊಡ್ಲಾ? ಬರೋಳಿಗೆ ಕಲಿಸಿಟ್ಟು ಹೋಗಬಹುದು.”

ಅವಳು ಉಳಿದ ಇಟ್ಟಿಗೆಗಳನ್ನೂ ಹಿತ್ತಲಿಗೆ ಹಾಕಿ ಬಂದಳು.

ಗುರುವಾರ ನಾಲ್ಕಕ್ಕೆ ಒಂದು ಜೋಡಿ ಬಂತು. ಗಂಡ ಬೇಕರಿಯಲ್ಲಿ ಹಿಟ್ಟು ನಾದುವವನು. ಮೊಣಕೈ ತನಕ ಸುಟ್ಟ ಕಲೆಗಳು. ಹೆಂಡತಿ ತುಂಬಿದ ಬಸುರಿ. ಬಂದವಳೇ ನೆಲದ ಮೇಲೆ ಬಿದ್ದಿದ್ದ ಬಿಸಿಲಿನಲ್ಲಿ ಕೈಯೂರಿ ಕುಳಿತು ಉಸ್ಸೆಂದಳು. ಕುಳಿತ ಕಡೆಯೇ ಅವಳ ಕಣ್ಣು ತೊಟ್ಟಿಲು ಕಟ್ಟಲು ಜಾಗ ಹುಡುಕುತ್ತಿತ್ತು. ಯಜಮಾನರು ಬಾಗಿಲಿಗೆ ಒರಗಿ ಆಗಾಗ ಆಕಾಶ ನೋಡುತ್ತಿದ್ದರು.

“ಬೆಳಕು ಚೆನ್ನಾಗಿದೆ,” ಎಂದಳು ಆ ಹುಡುಗಿ. ಆಮೇಲೆ ದನಿ ಇಳಿಸಿ, ಹೆಂಗಸು ಹೆಂಗಸನ್ನು ಕೇಳುವ ಹಾಗೆ ಕೇಳಿದಳು: “ಅಕ್ಕಾ, ಮಳೆಗಾಲದಲ್ಲಿ ಹೇಗೆ?”

ಮಂಚದ ಮೇಲಿದ್ದ ಗಂಡ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ.

“ಏನೂ ತೊಂದ್ರೆ ಇಲ್ಲಮ್ಮ,” ಎಂದಳು ಗುಂಡಿಯಕ್ಕ. “ಏಳು ವರ್ಷ ನಾವು ಇರಲಿಲ್ವಾ?”

ಶನಿವಾರ ಬೇಕರಿಯವನು ಅಡ್ವಾನ್ಸ್ ತಂದ. ಯಜಮಾನರ ಮನೆಯ ಜಗುಲಿಯ ಮೇಲೆ ಲೆಕ್ಕವಾಯಿತು. ನೋಟಿನ ಮಡಿಕೆಗಳಲ್ಲಿ ಹಿಟ್ಟು ಕೂತಿತ್ತು. ಯಜಮಾನರು ಅದನ್ನು ಎಣಿಸಿ, ಸುಣ್ಣಬಣ್ಣಕ್ಕೆಂದು ಅಷ್ಟು, ನಲ್ಲಿಗೆಂದು ಇಷ್ಟು ಮುರಿದುಕೊಂಡು, ಉಳಿದಿದ್ದನ್ನು ಅಲ್ಲೇ ಗುಂಡಿಯಕ್ಕನ ಕೈಗೆ ಇಟ್ಟರು. ಸುಣ್ಣ ಬಳಿದವಳು ಅವಳು. ನಲ್ಲಿಗೆ ಚಿಂದಿ ಸುತ್ತಿ ಏಳು ವರ್ಷ ನಡೆಸಿದವಳೂ ಅವಳೇ. ಆದರೂ ಕೊಟ್ಟಷ್ಟನ್ನು ಸೆರಗಿಗೆ ಕಟ್ಟಿಕೊಂಡಳು. ಬೆರಳಿಗೆ ಅಂಟಿದ ಬಿಳಿ ಹಿಟ್ಟನ್ನೇ ನೋಡುತ್ತ ನಿಂತಳು.

ಯಜಮಾನರ ಜೇಬಿನಿಂದ ಒಂದು ಕಾಸೂ ಹೊರಗೆ ಬಂದಿರಲಿಲ್ಲ. ಏಳು ವರ್ಷದ ಹಿಂದೆ ತಾನು ಕಿವಿಯದನ್ನು ಮಾರಿ ಕೊಟ್ಟ ಕಾಸೂ ಇದೇ ಜಗುಲಿಯಿಂದ ಹಿಂದಿನವಳ ಸೆರಗಿಗೆ ಹೋಗಿತ್ತು ಎನ್ನುವುದು ಅವಳಿಗೆ ಆಗ ಹೊಳೆಯಿತು. ಅವಳೂ ಹೀಗೆಯೇ ತಲೆ ತಗ್ಗಿಸಿ ನಿಂತಿದ್ದಳೋ ಏನೋ.

ಭಾನುವಾರ ಮನೆ ಬದಲಾಯಿತು. ಹತ್ತು ದಿನಕ್ಕೆಲ್ಲ ಮಳೆ ಬಂತು.

ಕಾರ್ಖಾನೆಯ ತಗಡಿನ ಮೇಲೆ ಮಳೆ ಬಡಿಯುತ್ತಿದ್ದರೆ ಗುಂಡಿಯಕ್ಕನ ಸೂಜಿ ಎಲ್ಲೆಲ್ಲೋ ಹೋಗುತ್ತಿತ್ತು. “ಏನಮ್ಮಾ, ಬೆನ್ನಿಗೆ ಗುಂಡಿ ಹಾಕ್ತಿದ್ದೀಯಲ್ಲ, ಹಾಕ್ಕೊಳ್ಳೋನು ತಿರುಗಿ ನಿಂತ್ಕೋಬೇಕಾ?” ಎಂದು ಸೂಪರ್‌ವೈಸರ್ ಅಂಗಿಯನ್ನು ಮುಖದ ಮೇಲೆ ಎಸೆದ. ಪಕ್ಕದವರು ನಕ್ಕರು. ಅವಳಿಗೆ ಆ ನಗು ಕೇಳಿಸಲಿಲ್ಲ. ಈಗ ನೀರು ಬಚ್ಚಲಿನ ಹೊಸ್ತಿಲು ದಾಟಿರುತ್ತೆ, ಈಗ ಒಲೆಯ ಹತ್ತಿರ ಬಂದಿರುತ್ತೆ ಎಂದು ಲೆಕ್ಕ ಹಾಕುತ್ತಿದ್ದಳು.

ಎಷ್ಟೋ ವಾರ ಆ ಮನೆಯ ಕಡೆ ಹೋಗಲು ಧೈರ್ಯ ಬರಲಿಲ್ಲ. “ಹೋಗಿ ಏನ್ ಮಾಡ್ತೀಯಾ?” ಎಂದ ಗಂಡ. “ಕಾಸು ಈಗ ಈ ಕೋಣೆಯ ಓನರ್‌ನ ಹೊಟ್ಟೇಲಿದೆ. ಅವನ ಹೊಟ್ಟೆ ಕುಯ್ದು ತರ್ತೀಯಾ?” ಕೊನೆಗೆ ಒಂದು ರಜೆಯ ದಿನ ಎರಡು ಬಸ್ಸು ಹಿಡಿದು ಹೋದಳು.

ಬಾಗಿಲು ತೆರೆದೇ ಇತ್ತು. ಬೇಕರಿಯವನ ಹೆಂಡತಿ ಮಂಚದ ಮೇಲೆ ಎಳೆಗೂಸನ್ನು ತೊಡೆಗೆ ಹಾಕಿಕೊಂಡು ಕುಳಿತಿದ್ದಳು. ಕೂಸು ಉಸಿರೆಳೆದಾಗಲೆಲ್ಲ ಎದೆಯಲ್ಲಿ ಗೊರಗೊರ ಸದ್ದು. ಮಂಚದ ಕಾಲಿಗೆ ಬೇಕರಿಯ ಡಬ್ಬಗಳನ್ನು ಕೊಟ್ಟಿದ್ದರು. ಕೆಳಗೆ ಕಪ್ಪು ನೀರು.

“ಬನ್ನಿ,” ಎಂದಳು ಅವಳು. “ಮೇಲೆ ಕೂತ್ಕೊಳ್ಳಿ. ಕೆಳಗೆ ನಿಮ್ಮ ಏನೂ ತೊಂದ್ರೆ ಇಲ್ಲದ ನೀರಿದೆ.”

ಗುಂಡಿಯಕ್ಕ ಕೂರಲಿಲ್ಲ. ಸೀರೆ ಎತ್ತಿಕಟ್ಟಿ, ಮೂಲೆಯಲ್ಲಿದ್ದ ತಟ್ಟೆ ತೆಗೆದುಕೊಂಡು ನೀರನ್ನು ಬಕೆಟ್ಟಿಗೆ ತೋಡತೊಡಗಿದಳು. ತೋಡುತ್ತಲೇ ಹೇಳಿದಳು: “ನನ್ನ ಕಾಸು ಸಿಕ್ಕಿಹಾಕ್ಕೊಂಡಿತ್ತಮ್ಮ.”

“ಗೊತ್ತು. ಈಗ ನಮ್ಮದು ಸಿಕ್ಕಿಹಾಕ್ಕೊಂಡಿದೆ. ಮಗೂನ ಇಲ್ಲಿಂದ ಎತ್ಕೊಂಡು ಹೋಗಿ ಅಂದ್ರು ಡಾಕ್ಟ್ರು. ಯಜಮಾನ್ರು ಏನಂದ್ರು ಕೇಳಿ. ಹೊಸಬರನ್ನ ತೋರಿಸಮ್ಮ, ಆವಾಗ ಅಡ್ವಾನ್ಸ್ ತಗೊಂಡು ಹೋಗು ಅಂದ್ರು. ನಾಲ್ಕು ಗಂಟೆಗೆ ಕರ್ಕೊಂಡು ಬಾ ಅಂದ್ರು.”

ಆಮೇಲೆ ಪ್ರತಿ ರಜೆಗೂ ಗುಂಡಿಯಕ್ಕ ಹೋದಳು. ನೀರು ತೋಡಿದಳು, ಕೂಸಿನ ಬಟ್ಟೆ ಒಗೆದಳು. ಬೇಡ ಅಂದವರಿಲ್ಲ, ಬಾ ಅಂದವರೂ ಇಲ್ಲ.

ಮಳೆ ಹೊಳವಾಗಿ ನಾಲ್ಕು ದಿನ ಬಿಸಿಲು ಬಿತ್ತು. ಅಂಥ ಒಂದು ರಜೆಯ ದಿನ, ನಾಲ್ಕಕ್ಕೆ ಸರಿಯಾಗಿ, ಯಜಮಾನರು ಒಬ್ಬ ಹೆಂಗಸನ್ನು ಕರೆದುಕೊಂಡು ಬಂದರು. ಆಸ್ಪತ್ರೆಯಲ್ಲಿ ನೆಲ ಒರೆಸುವವಳು. ಗಂಡ ಇಲ್ಲ, ಇಬ್ಬರು ಹೆಣ್ಣುಮಕ್ಕಳು. ಬೇಕರಿಯವನು ಬೆಳಿಗ್ಗೆಯೇ ನೆಲ ತೊಳೆದು, ಗೋಡೆಗೆ ಹಳೆಯ ಕ್ಯಾಲೆಂಡರುಗಳನ್ನು ಹೊಡೆದು, ಡಬ್ಬಗಳನ್ನು ಬಚ್ಚಿಟ್ಟಿದ್ದ. ಸಂದಿಗೆ ಬಿಸಿಲು ಬಂತು.

“ಬೆಳಕು ಚೆನ್ನಾಗಿದೆ,” ಎಂದಳು ನೆಲ ಒರೆಸುವವಳು. ಆಮೇಲೆ, “ಮಳೆಗಾಲದಲ್ಲಿ ಹೇಗಮ್ಮಾ?”

ಬೇಕರಿಯವನ ಹೆಂಡತಿ ಕೂಸಿನ ಬಟ್ಟೆ ಸರಿಪಡಿಸತೊಡಗಿದಳು.

“ಹೇಳಮ್ಮ, ಕೇಳ್ತಿದ್ದಾರಲ್ಲ,” ಎಂದರು ಯಜಮಾನರು.

“ನಾವು ನಿನ್ನೆ ಮೊನ್ನೆ ಬಂದವರು,” ಎಂದು ಅವಳು ಕೂಸನ್ನು ಎದೆಗೆ ಒತ್ತಿಕೊಂಡಳು. “ಇವರನ್ನೇ ಕೇಳಿ. ಏಳು ವರ್ಷ ಇಲ್ಲಿದ್ರು.”

ಎಲ್ಲರೂ ಗುಂಡಿಯಕ್ಕನ ಕಡೆ ತಿರುಗಿದರು. ಬೇಕರಿಯವನು ಕಣ್ಣಲ್ಲೇ ಕೈಮುಗಿಯುತ್ತಿದ್ದ. ಒಂದೇ ಒಂದು ಸುಳ್ಳು, ಆ ಕೂಸು ನಾಳೆಯೇ ಒಣಗಿದ ಮನೆ ಸೇರುತ್ತದೆ. ಇವರಿಗೆ ಅವಳು ಆ ಸುಳ್ಳನ್ನು ಕೊಡಬೇಕಿತ್ತು. ಎದುರಿಗೆ ನಿಂತವಳಿಗೆ ನಿಜ ಕೊಡಬೇಕಿತ್ತು. ನೆಲ ಒರೆಸುವವಳ ಕಾಲುಬೆರಳುಗಳ ಸಂದು ನೀರಿನಲ್ಲಿ ನಿಂತು ನಿಂತು ಬೆಳ್ಳಗೆ ಕೊಳೆತಿತ್ತು. ಗುಂಡಿಯಕ್ಕ ಅದನ್ನು ನೋಡಿಬಿಟ್ಟಳು.

“ಬಚ್ಚಲಿಂದ ಚರಂಡಿ ನೀರು ಬರುತ್ತಮ್ಮ,” ಎಂದಳು. “ಮೊಣಕಾಲಿನ ತನಕ. ಇಲ್ಲೇ ನನ್ನ ಗಂಡನ ಎದೆ ಹೋಯ್ತು. ಈ ಕೂಸಿಂದೂ ಹೋಗ್ತಿದೆ.”

ನೆಲ ಒರೆಸುವವಳು ಮಕ್ಕಳ ಕೈ ಹಿಡಿದು ಬಾಗಿಲು ದಾಟಿದಳು.

ಬೇಕರಿಯವನು ಹಣೆ ಹಣೆ ಬಡಿದುಕೊಂಡ. “ಅವತ್ತು ಸುಳ್ಳು ಹೇಳಿ ನಮ್ಮನ್ನ ಮುಳುಗಿಸಿದ್ರಿ. ಇವತ್ತು ನಿಜ ಹೇಳಿ ಮುಳುಗಿಸಿದ್ರಿ! ನಾವು ನಿಮಗೆ ಏನ್ ಅನ್ಯಾಯ ಮಾಡಿದ್ವಿ?”

ಅವನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ಯಜಮಾನರು ಮೆಲ್ಲಗೆ ನಕ್ಕರು. “ನೋಡಪ್ಪಾ, ನಿನ್ನ ಅಡ್ವಾನ್ಸ್ ತಡೀತಿರೋದು ಯಾರು ಅಂತ ಈಗ ಗೊತ್ತಾಯ್ತಾ? ಇವಳ ಕಾಸು ಇವಳಿಗೆ ಸೇರಿದೆ. ಇನ್ನೊಬ್ಬರದು ಸೇರಬಾರದು ಅಂತಾಳೆ.”

“ಅವರನ್ನ ಯಾಕೆ ಬೈತೀರಾ?” ಎಂದು ಹೆಂಡತಿ ಗಂಡನ ಕಡೆ ತಿರುಗಿದಳು. ದನಿ ಕೂಸು ಬೆಚ್ಚಿಬೀಳುವಷ್ಟು ಗಟ್ಟಿಯಾಗಿತ್ತು. “ನಮ್ಮ ಕಾಸು ಇಸ್ಕೊಂಡಿದ್ದು ಅವರಾ? ನಾವು ಒಬ್ಬರ ಕುತ್ತಿಗೆ ಒಬ್ಬರು ಹಿಸುಕ್ತಾ ನಿಂತಿದ್ದೀವಿ. ಇಸ್ಕೊಂಡೋರು ಬಾಗಿಲಿಗೆ ಒರಗಿ ಬಿಸಿಲು ಕಾಯ್ತಿದ್ದಾರೆ!” ಅವಳು ಯಜಮಾನರ ಮುಂದೆ ಬಂದು ನಿಂತಳು. “ಕೇಳಿ ಇಲ್ಲಿ. ಈ ತಿಂಗಳಿಂದ ಬಾಡಿಗೆ ಕೊಡಲ್ಲ. ಅಡ್ವಾನ್ಸಲ್ಲೇ ಮುರ್ಕೊಳ್ಳಿ. ಮುಗಿದ ದಿನ ಬೀಗದ ಕೈ ನಿಮ್ಮ ಕೈಲಿರುತ್ತೆ.”

“ಹಾಗೆಲ್ಲ ಆಗಲ್ಲಮ್ಮ.”

“ಯಾಕಾಗಲ್ಲ?” ಇದು ಪಕ್ಕದ ಮನೆಯ ಇಸ್ತ್ರಿ ತಾತನ ದನಿ. ಗಲಾಟೆ ಕೇಳಿ, ಇಸ್ತ್ರಿ ಪೆಟ್ಟಿಗೆ ಹಿಡಿದೇ ಬಂದಿದ್ದ. “ನಂದೂ ಮುರ್ಕೊಳ್ಳಿ ಯಜಮಾನ್ರೇ. ನಾನು ಸತ್ತಮೇಲೆ ಯಾರಿಗೆ ಮನೆ ತೋರಿಸಿ ಇಸ್ಕೊಳ್ಲಿ?”

ಅವನ ಹಿಂದೆ ಉಳಿದೆರಡು ಮನೆಯವರೂ ಬಂದು ನಿಂತಿದ್ದರು.

“ಎಲ್ಲಾ ಒಟ್ಟಿಗೆ ಅಂದ್ರೆ ಹೇಗೆ? ನೋಡೋಣ...”

“ಈಗ್ಲೇ ನೋಡ್ಬಿಡಿ,” ಎಂದ ತಾತ. “ನಾವೆಲ್ಲ ಇಲ್ಲೇ ನಿಂತಿದ್ದೀವಿ.”

ಯಜಮಾನರು ನೀರು ನಿಲ್ಲಿಸಿದರು. ಕರೆಂಟು ತೆಗೆಸಿದರು. ಬೀದಿಯ ನಲ್ಲಿಯಿಂದ ಹೊತ್ತುತಂದು, ಸೀಮೆಎಣ್ಣೆ ದೀಪ ಹಚ್ಚಿಕೊಂಡು ವಠಾರದವರು ಅಲ್ಲೇ ಕುಳಿತರು. ಬಾಡಿಗೆಯನ್ನು ಮಾತ್ರ ಯಾರೂ ಕೊಡಲಿಲ್ಲ.

ಕೂಸನ್ನು ಅಲ್ಲಿ ಇಡುವ ಹಾಗಿರಲಿಲ್ಲ. ತಾಯಿ ಮಗು ಗುಂಡಿಯಕ್ಕನ ಕೋಣೆಗೆ ಬಂದರು. ಬೇಕರಿಯವನೊಬ್ಬನೇ ಆ ಮನೆಯಲ್ಲಿ ಉಳಿದ. ಗುಂಡಿಯಕ್ಕನ ಗಂಡ ಮಂಚವನ್ನು ಅವರಿಗೆ ಬಿಟ್ಟು ನೆಲಕ್ಕಿಳಿದ. “ಏಳು ವರ್ಷ ತೇಲಿದ್ದೀನಿ, ನೆಲ ಹೇಗಿರುತ್ತೆ ಅಂತ ಮರ್ತೇ ಹೋಗಿತ್ತು,” ಎಂದ. ಬೇಕರಿಯವನ ಹೆಂಡತಿ ಅದಕ್ಕೆ ನಕ್ಕಳು. ಅವನ ಜೊತೆ ಅವಳು ನಗುತ್ತಿದ್ದಳು. ಗುಂಡಿಯಕ್ಕ ಒಳಗೆ ಬಂದರೆ ಎದ್ದು ಪಾತ್ರೆ ತೊಳೆಯಲು ಕೂರುತ್ತಿದ್ದಳು. ಒಂದು ದಿನ ಗುಂಡಿಯಕ್ಕ, “ನನ್ನ ಮೇಲೆ ಇನ್ನೂ ಸಿಟ್ಟಾ?” ಎಂದು ಕೇಳಿಯೇಬಿಟ್ಟಳು.

“ಸಿಟ್ಟು ಯಾವತ್ತೋ ಹೋಯ್ತು,” ಎಂದಳು ಅವಳು. “ಆದ್ರೆ ಮಗು ಕೆಮ್ಮಿದಾಗ ಅವತ್ತಿನ ನಿಮ್ಮ ದನಿ ಕೇಳುತ್ತೆ. ಅದಕ್ಕೆ ನಾನೇನ್ ಮಾಡ್ಲಿ?”

ಚಳಿ ಬಂತು, ಹೋಯಿತು. ಕೂಸು ಮಂಚದ ಕಾಲು ಹಿಡಿದು ಎದ್ದು ನಿಲ್ಲುವುದನ್ನು ಕಲಿಯಿತು. ಕೆಮ್ಮು ಕಡಿಮೆಯಾಯಿತು, ಪೂರ್ತಿ ಬಿಡಲಿಲ್ಲ.

ಬೇಸಿಗೆ ಏರುತ್ತಿದ್ದಂತೆ ಬೇಕರಿಯವನ ಅಡ್ವಾನ್ಸ್ ಮುಗಿಯಿತು. ಅದೊಂದು ಬುಧವಾರ. ಮನೆ ಗುಡಿಸಿ, ಬೀಗ ಹಾಕಿ, ಬೀಗದ ಕೈಯನ್ನು ಯಜಮಾನರ ಜಗುಲಿಯ ಮೇಲಿಟ್ಟು ಅವನು ಹೊರಟ. ಯಾರಿಗೂ ಆ ಮನೆ ತೋರಿಸದೆ ಹೊರಟ. ಇಸ್ತ್ರಿ ತಾತ ಅದರ ಮುಂದಿನ ಸೋಮವಾರ ಮನೆ ಖಾಲಿ ಮಾಡಿದ.

ಬುಧವಾರ ಸಂಜೆಯೇ ಬೇಕರಿಯವನು ಗಾಡಿ ತಂದು ಗುಂಡಿಯಕ್ಕನ ಬಾಗಿಲಿಗೆ ನಿಲ್ಲಿಸಿದ. ಅವನ ಹೆಂಡತಿ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಗುಂಡಿಯಕ್ಕನ ಗಂಡನ ಕಾಲು ಮುಟ್ಟಿದಳು. ಗುಂಡಿಯಕ್ಕನ ಕಡೆ ನೋಡಿ, “ಹೊರಟೆ,” ಎಂದಳು. ಬರ್ತೀನಿ ಎಂದು ಹೇಳಲಿಲ್ಲ.