ಕುಂಕುಮ ಹಚ್ಚಿದ ಪೋರ್ಟ್

ಎರಡೂ ಒಂದೇ ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನ ಲ್ಯಾಪ್‌ಟಾಪಿಗೆ ಟೈಪ್-ಸಿ ಪೋರ್ಟ್ ಎರಡಿವೆ, ನೋಡಲು ಅವಳಿಜವಳಿ. ಆಯುಧಪೂಜೆಯ ದಿನ ಅತ್ತೆ ಶಿವಕಾಂತಮ್ಮ ಹೊಲಿಗೆ ಮಷೀನಿಗೂ ಮಿಕ್ಸರಿಗೂ ಹಚ್ಚಿದಂತೆ ಆ ಪೋರ್ಟುಗಳಲ್ಲೊಂದಕ್ಕೆ ದಪ್ಪಗೆ ಕುಂಕುಮ ಮೆತ್ತಿದರು. ಪೂಜೆಯಾದ ಜಾಗಕ್ಕೆ ವೈರು ಚುಚ್ಚಬಾರದು ಎಂದು ಕಟ್ಟಪ್ಪಣೆಯೂ ಆಯಿತು. ಗಂಡ ಅಣವೀರ ತಾಯಿಯ ಪಕ್ಷ. ಎರಡೂ ಒಂದೇ, ಇನ್ನೊಂದರಲ್ಲಿ ಚಾರ್ಜ್ ಮಾಡಿಕೋ ಎಂದ. ಚಾರ್ಜ್ ಆಗುತ್ತಿತ್ತು, ನಾನೂ ಸುಮ್ಮನಾದೆ.

ಆಮೇಲೆ ವಾಡಿಯ ನಮ್ಮ ಕ್ವಾರ್ಟರ್ಸಿನ ಸಮುದಾಯ ಭವನದಲ್ಲಿ ಹೆಣ್ಣುಮಕ್ಕಳಿಗೆ ಸಂಜೆಯ ಕಂಪ್ಯೂಟರ್ ಕ್ಲಾಸು ಶುರುಮಾಡುವ ಮಾತು ಬಂತು. ಕಲಿಸುವ ಆ ಕೆಲಸ ನನಗೆ ಬೇಕೇ ಬೇಕಿತ್ತು. ಮದುವೆಯಾದ ಮೇಲೆ ನನ್ನದು ಅಂತ ಏನೂ ಉಳಿದಿರಲಿಲ್ಲ. ಕ್ವಾರ್ಟರ್ಸಿನ ಸಂಘದ ಅಧ್ಯಕ್ಷ ದೇವೀಂದ್ರಪ್ಪನವರು, ಮೊದಲು ಒಂದು ಪಾಠ ಮಾಡಿ ತೋರಿಸು ಎಂದರು.

ಆ ದಿನ ಭವನದ ಗೋಡೆಯ ದೊಡ್ಡ ಟಿವಿಗೆ ಲ್ಯಾಪ್‌ಟಾಪಿನಿಂದ ಕೇಬಲ್ ಜೋಡಿಸಿದೆ. ಟಿವಿ ಕಪ್ಪಗೇ ಇತ್ತು. ಕೇಬಲ್ ಕಿತ್ತು ಮತ್ತೆ ಹಾಕಿದೆ, ಲ್ಯಾಪ್‌ಟಾಪ್ ಆರಿಸಿ ಹಚ್ಚಿದೆ. ಏನೂ ಇಲ್ಲ. ಮುಂದೆ ಕೂತವರು ಸೆರಗು ಬಾಯಿಗೆ ಹಿಡಿದು ನಕ್ಕರು. ನಾಚಿಕೆಗಿಂತ ನನಗೆ ಸಿಟ್ಟೇ ಹೆಚ್ಚು ಬಂತು.

ದೇವೀಂದ್ರಪ್ಪನವರು ಎದ್ದೇಬಿಟ್ಟರು. "ಇರ್ಲಿ ಬಿಡು ಶ್ರುತಿ. ಚಿತ್ತಾಪುರದಿಂದ ಒಬ್ಬಾವ ಬರ್ತಾನ. ಯಾರು ಕಲಿಸಿದ್ರೂ ಒಂದೇ."

ಮತ್ತೆ ಒಂದೇ! ಲ್ಯಾಪ್‌ಟಾಪ್ ತಿರುಗಿಸಿ ನೋಡಿದೆ. ನಾನು ವೈರು ಹಾಕಿದ ಪೋರ್ಟಿನ ಬದಿಗೆ ಬರೀ ಪ್ಲಗ್ಗಿನ ಗುರುತು. ಇನ್ನೊಂದರ ಬದಿಯ ಕುಂಕುಮವನ್ನು ಉಗುರಿನಿಂದ ಕೆರೆದೆ. ಅಡಿಯಲ್ಲಿ ಪುಟ್ಟ ಟಿವಿಯ ಗುರುತು ಕಂಡಿತು.

"ಕುಂದ್ರಿ ಕಾಕಾ," ಎಂದೆ. "ನನ್ನ ಪಾಠ ಇನ್ನಾ ಮುಗದಿಲ್ಲ."

ಹಿರಿಯರ ಮುಂದೆ ನಾನು ದನಿ ಎತ್ತಿದ್ದು ಅದೇ ಮೊದಲು. ಅವರು ಕೂತರು. ಕುಂಕುಮ ಊದಿ, ಒರೆಸಿ, ಕೇಬಲ್ ಹಾಕಿದೆ. ಟಿವಿ ತುಂಬ ನನ್ನ ಪಾಠ ಬಂತು. ಅದನ್ನು ಬದಿಗಿಟ್ಟು ಈ ಎರಡು ಪೋರ್ಟುಗಳದ್ದೇ ಪಾಠ ಮಾಡಿದೆ. ಒಂದಕ್ಕೆ ಬರೀ ಉಣ್ಣಲಿಕ್ಕೆ ಬರುತ್ತದೆ, ಇನ್ನೊಂದಕ್ಕೆ ಮಾತೂ ಬರುತ್ತದೆ ಎಂದೆ. ಈ ಸಲ ನಕ್ಕವರು ನನ್ನ ಜೊತೆ ನಕ್ಕರು. ಸೋಮವಾರದಿಂದ ಬಾ ಎಂದರು ದೇವೀಂದ್ರಪ್ಪನವರು.

ಮನೆಗೆ ಬಂದು ನಡೆದದ್ದೆಲ್ಲ ಹೇಳಿದೆ. ಕುಂಕುಮ ಕೆರೆದದ್ದಕ್ಕೆ ಅತ್ತೆಯ ಮುಖ ಗಂಟಾಯಿತು. ಸಂಜೆ ನೀನು ಹೊರಟರೆ ರೊಟ್ಟಿ ಬಡಿಯುವವರು ಯಾರು ಎಂದು ಕೇಳಿದರು. ಅಣವೀರ ತಲೆ ತಗ್ಗಿಸಿ ಮೊಬೈಲ್ ನೋಡುತ್ತಿದ್ದ.

"ನಿಮ್ಮ ಮಗ ಬಡೀತಾರ್ರಿ ಅತ್ತಿ," ಎಂದೆ. "ಯಾರು ಬಡದ್ರೂ ಒಂದೇ."