ಬುನು ಹಾಡಿನ ಹಕ್ಕು

ಶವವಿದ್ದ ಜನಾಜಾವನ್ನು ಇನ್ನೇನು ಹೆಗಲಿಗೇರಿಸಬೇಕು, ಇಮಾಮರು ಕೈಯೆತ್ತಿ ತಡೆದರು. ಮೃತರ ಮಗ ತ್ವಾಲಿಬ್ ಮುಂದೆ ಬಂದು, ಮಗನಾದವನು ಕೇಳಲೇಬೇಕಾದ ಮಾತನ್ನು ಕೇಳಿದ.

“ನಮ್ಮಪ್ಪನ ಮೇಲೆ ಯಾರದಾದ್ರೂ ಹಕ್ಕಿದ್ರೆ, ಅವರಿಂದ ಯಾರ ಮನಸ್ಸಾದ್ರೂ ನೊಂದಿದ್ರೆ, ಈಗ್ಲೇ ಹೇಳಿ. ಇಲ್ದಿದ್ರೆ ಕ್ಷಮಿಸಿಬಿಡಿ.”

ಅಥ್ಮಾನ್ ಮೇಷ್ಟ್ರು ತೀರಿಕೊಂಡರೆಂಬುದು ಅಂದು ಬೆಳಗಿನ ನಮಾಜಿಗೆ ಬಂದವರಿಗೆ ತಿಳಿದಿತ್ತು. ಮಧ್ಯಾಹ್ನದ ಹೊತ್ತಿಗೆ ಲಾಮು ಪಟ್ಟಣದಿಂದ ದೋಣಿಯಲ್ಲಿ ಕೆಲವರು, ಕತ್ತೆಯ ಮೇಲೆ ಕೆಲವರು ಬಂದು ದ್ವೀಪದ ಹಳ್ಳಿ ಮತೊಂದೋನಿಯ ಮಸೀದಿ ಅಂಗಳ ತುಂಬಿತ್ತು. ಈ ಪ್ರಶ್ನೆಗೆ “ಕ್ಷಮಿಸಿದ್ದೇವೆ” ಎಂದು ಎಲ್ಲರೂ ಗುನುಗುವುದು ವಾಡಿಕೆ. ಹಾಗೆ ಗುನುಗಿದರು ಕೂಡ. ಆ ಗುನುಗು ಅಡಗುವ ಮೊದಲೇ ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು.

“ನಂದಿದೆ.”

ಫೂಮೋ ಅಜ್ಜ. ನೀರು ಸೋರದಂತೆ ಹಾಯಿದೋಣಿಯ ಹಲಗೆಗಳ ಸಂದಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿ ಬಡಿಯುವುದು ಅವರ ಮನೆತನದ ಕಸುಬು.

“ಏನು ನಿಮ್ಮ ಹಕ್ಕು?” ಇಮಾಮರು ಕೇಳಿದರು.

“ನಮ್ಮಣ್ಣ ಬುನುವಿನ ಹಾಡು. ಹೆಂಡ ಕುಡಿಯೋರ ಹೋಟ್ಲಲ್ಲಿ ಅದು ದಿನಾ ಪರದೆ ಮೇಲೆ ಕುಣೀತಿದೆ. ವಾಪಸ್ ತಗೋ ಅಂದ್ರೆ ಈ ಮನುಷ್ಯ ಆಗಲ್ಲ ಅಂದ. ಮೂರು ವರ್ಷ ನಾನು ಇವನ ಮುಖ ನೋಡಿಲ್ಲ. ಹಾಡು ವಾಪಸ್ ಬರ್ಲಿ, ಕ್ಷಮಿಸ್ತೀನಿ.”

ಕಾಫಿ ಮಾರುವ ಶೇಬ್ವಾನಾ ಪಕ್ಕದವನ ಕಿವಿಗೆ ಬಾಗಿದ. “ಹೋಟ್ಲು ಅಂದ್ರೆ ಮೇಷ್ಟ್ರು ಗುರುವಾರ ಗುರುವಾರ ಹೋಗ್ತಿದ್ರಲ್ಲ, ಅದೇ ತಾನೇ? ನಾನ್ ಹೇಳಿರ್ಲಿಲ್ವಾ…”

“ಹೆಣದ ಮುಂದಾದ್ರೂ ಆ ಬಾಯಿ ಮುಚ್ಚೋ,” ಪಕ್ಕದವನು ಗದರಿದ.

*

ಹನ್ನೊಂದು ವರ್ಷದ ಹಿಂದೆ ಮೇಷ್ಟ್ರು ಶಾಲೆಯಿಂದ ನಿವೃತ್ತರಾಗಿ ಒಂದು ಹಳೆಯ ಕ್ಯಾಮೆರಾ ಕೊಂಡರು. ದೋಣಿ ಕಟ್ಟುವಲ್ಲಿಗೆ ಹೋಗಿ, ಬುನು ಸಂದು ತುಂಬುತ್ತಾ ಸುತ್ತಿಗೆಯ ಪೆಟ್ಟಿಗೆ ಸರಿಯಾಗಿ ಹಾಡುತ್ತಿದ್ದುದನ್ನು ಚಿತ್ರೀಕರಿಸಿದರು. ಜಗತ್ತಿನ ಯಾರು ಬೇಕಾದರೂ ನೋಡಿ, ಇಳಿಸಿಕೊಂಡು, ಬಳಸಬಹುದಾದ ಮುಕ್ತ ಸಂಗ್ರಹವೊಂದು ಅಂತರ್ಜಾಲದಲ್ಲಿತ್ತು. ಅದಕ್ಕೆ ಕಳಿಸಿದರೆ, ಸಂಗ್ರಹದವರು ತೆಗೆದುಕೊಳ್ಳಲಿಲ್ಲ. ಚಿತ್ರವಿದ್ದದ್ದು ಕ್ಯಾಮೆರಾ ಕಂಪನಿಯವರ ಸ್ವಂತ ನಮೂನೆಯ ಫೈಲಿನಲ್ಲಿ. ಅದನ್ನು ತೆರೆಯುವ ವಿದ್ಯೆ ಆ ಕಂಪನಿಯೊಂದರದೇ ಸ್ವತ್ತು.

“ಪೆಟ್ಟಿಗೆ ನಂದು, ಬೀಗದಕೈ ಅವರದು!” ಎಂದು ಮೇಷ್ಟ್ರು ಬುನುವಿನ ಬಳಿ ಅಚ್ಚರಿಪಟ್ಟರು. “ನಾಳೆ ಆ ಕಂಪನಿ ಮುಳುಗಿದ್ರೆ ನಿನ್ನ ಹಾಡೂ ಮುಳುಗತ್ತಲ್ಲೋ.”

ಯಾರ ಅಪ್ಪಣೆಯೂ ಬೇಡದೆ ಎಲ್ಲ ಯಂತ್ರಗಳಲ್ಲೂ ತೆರೆಯುವ ಮುಕ್ತ ನಮೂನೆಗೆ ಅದನ್ನು ಬದಲಿಸಲು ಅರವತ್ತು ದಾಟಿದ ಆ ಮನುಷ್ಯ ನಾಲ್ಕು ತಿಂಗಳು ಕೂತು ಕಲಿತರು. ಆಮೇಲೆ ಒಪ್ಪಿಗೆ ಪತ್ರ ಹಿಡಿದು ಬಂದರು.

“ಕೇಳು ಬುನು. ಇದನ್ನ ಕೊಟ್ಟ ಮೇಲೆ ವಾಪಸ್ ಕೇಳೋ ಹಾಗಿಲ್ಲ.”

“ಕೊಟ್ಟಿದ್ದನ್ನ ವಾಪಸ್ ಕೇಳಕ್ಕೆ ನಾನೇನು ಮುನಿಸ್ಕೊಂಡ ಅಳಿಯನಾ?”

“ಯಾರು ಬೇಕಾದ್ರೂ ತಗೋತಾರೆ. ವ್ಯಾಪಾರ ಮಾಡೋನೂ ತಗೋತಾನೆ.”

“ಬಾವಿ ತೋಡ್ಸಿ ದೇವರ ಹೆಸರಲ್ಲಿ ಊರಿಗೆ ವಕ್ಫ್ ಮಾಡಿದ ಮೇಲೆ ನೀರು ಸೇದೋನ ಕುಲ ಕೇಳಕ್ಕಾಗತ್ತಾ? ಷರತ್ತೇನೂ ಇಲ್ವಾ?”

“ಒಂದೇ ಒಂದು. ಬಳಸೋನು ನಿನ್ನ ಹೆಸರು ಹೇಳ್ಬೇಕು.”

ಬುನು ಸುತ್ತಿಗೆ ಕೆಳಗಿಟ್ಟು ಹೊಟ್ಟೆ ಹಿಡಿದು ನಕ್ಕ. “ನನ್ನ ಹೆಸ್ರು ನನ್ ಹೆಂಡ್ತಿನೇ ಹೇಳಲ್ಲ ಮೇಷ್ಟ್ರೇ, ‘ಏ ಇವ್ರೇ’ ಅಂತಾಳೆ. ಕೊಡಿ ಇಲ್ಲಿ.” ಎಣ್ಣೆಗೈಯಲ್ಲೇ ಹೆಬ್ಬೆಟ್ಟು ಒತ್ತಿದ. ಮುಂದಿನ ವರ್ಷ ಅವನು ತೀರಿಕೊಂಡ.

*

ಅಂಗಳದಲ್ಲಿ ಎಲ್ಲರ ಕಣ್ಣೂ ತ್ವಾಲಿಬನ ಮೇಲಿತ್ತು. ಅವನ ಕೈಯಲ್ಲಿ ಫೋನಿತ್ತು. ತೆಗೆದುಹಾಕಿದೆ ಎಂದು ಒಂದು ಮಾತು ಹೇಳಿದ್ದರೆ ಓದು ಬಾರದ ಮುದುಕ ನಂಬುತ್ತಿದ್ದ. ಅಪ್ಪನ ಹೊರೆ ಹಗುರವಾಗುತ್ತಿತ್ತು. ಅವನ ತುಟಿ ಅಲುಗಿತು, ನಿಂತಿತು.

“ನಾನು ಸುಳ್ಳು ಹೇಳಲ್ಲ ಅಜ್ಜ,” ಎಂದ ಕೊನೆಗೆ. “ಅದು ವಾಪಸ್ ಬರಲ್ಲ. ಎಲ್ಲೆಲ್ಲಿ ಯಾರ್ಯಾರ ಹತ್ರ ಇದೆಯೋ ನಂಗೆ ಗೊತ್ತಿಲ್ಲ. ಕೊಟ್ಟಿದ್ದು ಬುನು ಅಜ್ಜ. ನಿಮ್ಮ ಸಿಟ್ಟಿದ್ರೆ ನನ್ನ ಮೇಲಿರ್ಲಿ, ಅಪ್ಪನ್ನ ಬಿಟ್ಬಿಡಿ.”

“ಸಿಟ್ಟು ಪಿತ್ರಾರ್ಜಿತ ಆಸ್ತಿಯಲ್ಲ ಮಗ, ನಿಂಗೆ ವರ್ಗ ಮಾಡಕ್ಕೆ,” ಎಂದರು ಫೂಮೋ ಅಜ್ಜ.

ಬಿಸಿಲು ಸುಡುತ್ತಿತ್ತು. ಆಗ ಪಾಗಾರದ ಹೊರಗಿನಿಂದ ಅಳುಕಿನ ಧ್ವನಿಯೊಂದು ಬಂತು.

“ನಿಮ್ಮ ಮತದವನಲ್ಲ, ಒಳಗೆ ಬರಬಹುದೋ ಇಲ್ವೋ ತಿಳೀದು. ನಾನು ಕಜುಂಗು. ಆ ಹೋಟ್ಲಲ್ಲಿ ಅಡಿಗೆಯವನು.”

ಶೇಬ್ವಾನಾನ ಕತ್ತು ಕೊಕ್ಕರೆಯಂತೆ ಉದ್ದವಾಯಿತು.

“ಬಾ, ಹೇಳಪ್ಪ,” ಎಂದರು ಇಮಾಮರು.

“ಮೇಷ್ಟ್ರು ಗುರುವಾರ ಬರೋರು. ಒಳಗೆ ಕಾಲಿಡ್ತಿರಲಿಲ್ಲ, ಹೊರಗೆ ಮೆಟ್ಲ ಮೇಲೆ ಕೂರೋರು. ನೀರು ಕೊಟ್ರೂ ಕುಡೀತಿರಲಿಲ್ಲ. ‘ಹಾಡು ಹಾಕಿ, ಬೇಡ ಅನ್ನಲ್ಲ. ಹಾಡಿದವನ ಹೆಸ್ರು ಹಾಕಿ’ ಅನ್ನೋರು. ಮ್ಯಾನೇಜರು ನಗೋರು. ಇವ್ರು ಒಂದು ಕಾರ್ಡಲ್ಲಿ ಹೆಸ್ರು ಬರ್ದು ಬಾಗಿಲಿಗೆ ಅಂಟಿಸಿ ಹೋಗೋರು. ಮ್ಯಾನೇಜರು ಕಿತ್ತಾಕೋರು. ಮುಂದಿನ ಗುರುವಾರ ಮತ್ತೆ ಕಾರ್ಡು. ಮೂರು ವರ್ಷ, ಸ್ವಾಮಿ! ಕೊನೆಗೆ ಬಂದ ಗಿರಾಕಿಗಳೇ ‘ಇದು ಯಾರ ಹೆಸ್ರು?’ ಅಂತ ಕೇಳೋಕೆ ಶುರುಮಾಡಿದ್ರು. ಹೋದ ತಿಂಗಳು ಮ್ಯಾನೇಜರು ಸೋತ್ರು. ಈಗ ಚಿತ್ರ ಶುರುವಾಗೋಕೆ ಮುಂಚೆ ದೊಡ್ಡಕ್ಷರದಲ್ಲಿ ಬರುತ್ತೆ.”

“ಏನಂತ ಬರುತ್ತೆ?” ಫೂಮೋ ಅಜ್ಜ ಒಂದು ಹೆಜ್ಜೆ ಮುಂದೆ ಬಂದರು.

ಕಜುಂಗು ಕಣ್ಮುಚ್ಚಿ, ಪಾಠ ಒಪ್ಪಿಸುವವನಂತೆ ಹೇಳಿದ: “ಹಾಡಿದವರು, ಮತೊಂದೋನಿಯ ಬುನು ಬಿನ್ ಮಸೂದ್. ದೋಣಿಯ ಸಂದು ತುಂಬುವವರು.”

ಶೇಬ್ವಾನಾ ತಲೆಯ ಟೋಪಿ ತೆಗೆದು ಸುಮ್ಮನೆ ಅದರ ಒಳಗೆ ನೋಡಿಕೊಂಡ.

“ಹೋದ ತಿಂಗಳು ನಮ್ಮನೆ ಬಾಗಿಲು ತಟ್ಟಿದ್ದ,” ಎಂದರು ಫೂಮೋ ಅಜ್ಜ, ತಮಗೇ ಹೇಳಿಕೊಳ್ಳುವಂತೆ. “ಕೆಮ್ಮು ಕೇಳಿ ಇವನೇ ಅಂತ ಗೊತ್ತಾಯ್ತು. ನಾನು ತೆಗೀಲಿಲ್ಲ.”

ಅವರು ಜನರನ್ನು ಸರಿಸಿಕೊಂಡು ಜನಾಜಾದ ಬಳಿಗೆ ಬಂದರು. “ಕ್ಷಮಿಸಿದೀನಿ. ನನ್ನನ್ನ ಇವನು ಕ್ಷಮಿಸ್ತಾನೋ ಇಲ್ವೋ, ಅದನ್ನ ಈಗ ಯಾರ್ನ ಕೇಳ್ಲಿ?”

“ಹೆಗಲು ಕೊಡಿ,” ಎಂದರು ಇಮಾಮರು.

*

ಮರಳು ನೆಲದ ಗೋರಿ. ಮೇಷ್ಟ್ರನ್ನು ಗುಂಡಿಯ ಪಕ್ಕದ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಬಲಮಗ್ಗುಲಾಗಿ ಮಲಗಿಸಿ, ಅಡ್ಡಲಾಗಿ ಹಲಗೆಗಳನ್ನು ನಿಲ್ಲಿಸಿದರು. ಹಲಗೆ ಹಲಗೆಯ ನಡುವೆ ಬೆರಳು ತೂರುವಷ್ಟು ಸಂದಿತ್ತು. ತ್ವಾಲಿಬ್ ಹಸಿ ಜೇಡಿಮಣ್ಣಿಗೆ ಕೈ ಹಾಕಿದಾಗ ಫೂಮೋ ಅಜ್ಜ ಅವನ ಭುಜ ಹಿಡಿದು ಸರಿಸಿದರು.

“ನಿಂಗೆ ಬರಲ್ಲ. ಮರಳು ಸೋರುತ್ತೆ.”

ಎಂಬತ್ತರ ಮುದುಕ ಗೋರಿಗಿಳಿದರು. ಮಣಿಕಟ್ಟಿನವರೆಗೆ ಜೇಡಿ ಮೆತ್ತಿಕೊಂಡು, ಹೆಬ್ಬೆರಳಿನಿಂದ ಒಂದೊಂದೇ ಸಂದನ್ನು ಒತ್ತಿ ತುಂಬಿ, ಅಂಗೈಯಿಂದ ನೀವಿ, ಕಿವಿಯಿಟ್ಟು ತಟ್ಟಿ ನೋಡಿದರು. ಒಂದು ತೊಟ್ಟು ನೀರೂ ಒಳಹೋಗದಂತೆ ಸಂದುಗಳೆಲ್ಲ ಮುಚ್ಚಿದ ಮೇಲೆ ಅವರು ಅಲ್ಲೇ ನಿಂತು ಜೇಡಿಗೈಗಳನ್ನು ಮೇಲೆತ್ತಿದರು. ಸುತ್ತಲಿದ್ದವರೂ ಎತ್ತಿದರು. ಫೂಮೋ ಅಜ್ಜನೇ ಪ್ರಾರ್ಥಿಸಿದರು.

“ಒಡೆಯನೇ, ಈ ನಿನ್ನ ದಾಸ ದೂರದ ಪಯಣ ಹೊರಟಿದ್ದಾನೆ. ಇವನ ಗೋರಿಯನ್ನು ಅಗಲ ಮಾಡು, ಅಲ್ಲಿ ಬೆಳಕಿಡು. ಇವನು ಹಂಚಿದ ಒಳಿತು ಇವನಿಗೆ ನಿಲ್ಲದೆ ಸಲ್ಲುತ್ತಿರಲಿ. ಇವನಿಗೆ ಶಾಂತಿಯನ್ನು ಕೊಡು. ಆಮೀನ್.”